ತಾತನ ಕಾಲದ ತೋಟೆ ಕೋವಿಗೆ ಇಂದಿನ ತೋಟೆ: ಹಾಕುವ ಮುನ್ನ ನೋಡಬೇಕಾದದ್ದು

ಕೊಡಗಿನಿಂದ, ಸಕಲೇಶಪುರ–ಮೂಡಿಗೆರೆ ಕಡೆಯಿಂದ, ಸುಳ್ಯ–ತೀರ್ಥಹಳ್ಳಿಯಿಂದ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ತಾತನ ಜೋಡುನಳಿಗೆ ಕೋವಿ ಇದೆ, ಇಪ್ಪತ್ತು ವರ್ಷದಿಂದ ಯಾರೂ ಈಡು ಹಾಕಿಲ್ಲ, ಪರವಾನಗಿ ಈಗ ನನ್ನ ಹೆಸರಿಗೆ ಬಂದಿದೆ. ಅಂಗಡಿಯಲ್ಲಿ ಸಿಗುವ ತೋಟೆ (ಕಾರ್ಟ್ರಿಜ್) ಹಾಕಬಹುದೇ? ಜೊತೆಗೊಂದು ಸಮಾಧಾನವನ್ನೂ ಅವರೇ ಸೇರಿಸಿರುತ್ತಾರೆ: ‘ಹಾಕಿ ನೋಡಿದೆ, ಸಲೀಸಾಗಿ ಕೂತಿತು, ಕೋವಿ ಸರಿಯಾಗಿ ಮುಚ್ಚಿಕೊಂಡಿತು.’

ಆ ಸಮಾಧಾನದಲ್ಲೇ ಅಪಾಯ ಇರುವುದು. ಹೊಂದದ ತೋಟೆ ಹಾಕಿದರೂ ಕೋವಿ ಮುಚ್ಚಿಕೊಳ್ಳುತ್ತದೆ. ಏಕೆ ಎಂಬುದು ಆರನೇ ಹಂತದಲ್ಲಿದೆ. ಆದರೆ ಅಲ್ಲಿಗೆ ಹಾರಬೇಡಿ, ಮೊದಲ ಐದು ಹಂತ ದಾಟದ ಕೋವಿಗೆ ಯಾವ ತೋಟೆಯೂ ಬೇಡ.

ಈ ಬರಹ ಬುಡದಿಂದ ತೋಟೆ ತುಂಬುವ ಕೋವಿಗಳಿಗೆ, ಕೊನೆಯಲ್ಲಿ ಸ್ವಲ್ಪ .315 ರೈಫಲ್‌ಗೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯದು ಬೇರೆಯೇ ಶಾಸ್ತ್ರ. ಅದರ ಬಗ್ಗೆ ಒಂದೇ ಮಾತು: ತೋಟೆ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವ ಚಾಳಿ ಇದ್ದರೆ ಇವತ್ತೇ ಬಿಡಿ. ತೋಟೆಯೊಳಗಿನದು ಹೊಗೆರಹಿತ ಮದ್ದು. ಕರಿಮದ್ದಿನ ಅಳತೆಯಲ್ಲಿ ಅದನ್ನು ತುಂಬಿದರೆ ನಳಿಗೆ ಸೀಳುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಳ್ಳೆಯ ಟಾರ್ಚು, 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ, ಲೆಕ್ಕ ಆರನೇ ಹಂತದಲ್ಲಿದೆ) ಶುಚಿಕಡ್ಡಿ, ಅದಕ್ಕೆ ಹೊಂದುವ ಕಂಚಿನ ಬ್ರಷ್, ಹಳೆಯ ಫ್ಲಾನೆಲ್ ಬಟ್ಟೆ, ಕೋವಿ ಎಣ್ಣೆ, ಒಂದು ವರ್ನಿಯರ್ ಕ್ಯಾಲಿಪರ್, ಮತ್ತು ಎರಡು ಡಮ್ಮಿ ತೋಟೆ. ಡಮ್ಮಿ ಎಂದರೆ ಮದ್ದಿಲ್ಲದ, ಕುದುರೆಯ ಪೆಟ್ಟು ತಾಳಲು ಬುಡದಲ್ಲಿ ಸ್ಪ್ರಿಂಗೋ ರಬ್ಬರೋ ಇರುವ ತೋಟೆ. ಕುದುರೆ ಎಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ.

1. ಮೊದಲು ಕಾಗದ

ಕೋವಿ ಯಾರ ಹೆಸರಿನಲ್ಲಿದೆಯೋ ಅವರು ತೀರಿಹೋಗಿದ್ದರೆ, ಅದು ಮನೆಯಲ್ಲೇ ಇದ್ದರೂ ಕಾನೂನಿನ ಪ್ರಕಾರ ನಿಮ್ಮದಲ್ಲ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಡೀಲರ್ ಬಳಿಯೋ ಇಟ್ಟು, ವಾರಸುದಾರರಾಗಿ ಅರ್ಜಿ ಹಾಕಬೇಕು. ಹಿರಿಯರು ಬದುಕಿರುವಾಗಲೇ ವರ್ಗಾಯಿಸುವ ದಾರಿಯೂ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರು ಅರ್ಜಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ 2 ಕೋವಿ.

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಆರಂಭವಾದ ಈ ವಿನಾಯಿತಿಯ ಈಗಿನ ಅವಧಿ 2029ರ ಅಕ್ಟೋಬರ್ 31ರವರೆಗೆ. ವಿನಾಯಿತಿ ಇರುವುದು ಆ ವ್ಯಕ್ತಿಗೆ. ಆ ಕೋವಿಯನ್ನು ವಿನಾಯಿತಿ ಇಲ್ಲದ ಸ್ನೇಹಿತನ ಕೈಗೆ ‘ಎರಡು ದಿನಕ್ಕೆ’ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

ಇನ್ನೊಂದು ಗೊಂದಲ: ಬೆಳೆ ರಕ್ಷಣೆಗೆ ಕೋವಿ ಪರವಾನಗಿ ಸಿಕ್ಕಿದೆ ಎಂದರೆ ಹಂದಿ ಹೊಡೆಯಲು ಅನುಮತಿ ಸಿಕ್ಕಿದೆ ಎಂದಲ್ಲ. ಕಾಡುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಳಗಿನ ಪ್ರಾಣಿ. ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿ ಲಿಖಿತವಾಗಿ ಕೊಡದ ಹೊರತು ಅದು ಬೇಟೆಯೇ, ಗದ್ದೆ ನಿಮ್ಮದೇ ಆಗಿದ್ದರೂ.

2. ಖಾಲಿ ಇದೆಯೇ?

‘ಅದು ಖಾಲಿ’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ನಳಿಗೆಯ ಬಾಯನ್ನು ಜನರಿಲ್ಲದ ಕಡೆಗೆ, ಆದಷ್ಟು ಮಣ್ಣಿನ ಕಡೆಗೆ ತಿರುಗಿಸಿ. ಬೆರಳು ಟ್ರಿಗರ್ ಕಾವಲಿನ ಹೊರಗೆ ಇರಲಿ. ಮೇಲಿನ ಸನ್ನೆ ತಿರುಗಿಸಿ ಕೋವಿ ಮಡಚಿ. ಎರಡೂ ಚೇಂಬರ್ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಚೇಂಬರ್ ಎಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಅಗಲದ ಭಾಗ. ಮಬ್ಬು ಬೆಳಕಿನಲ್ಲಿ ಕಪ್ಪು ಹಿತ್ತಾಳೆಯ ತೋಟೆಯೊಂದು ಕಣ್ಣಿಗೆ ಬೀಳದೆ ಇರಬಹುದು, ಬೆರಳಿಗೆ ಸಿಕ್ಕೇ ಸಿಗುತ್ತದೆ.

ಕೋವಿ ಮಡಚಲು ಬರದಿದ್ದರೆ ಬಲ ಹಾಕಬೇಡಿ. ಹೊರಗೆ ಕುದುರೆ ಇರುವ ಹಳೆಯ ಕೋವಿಗಳಲ್ಲಿ ಪೆಟ್ಟು ಕೊಡುವ ಮೊಳೆ ಮುಂದಕ್ಕೆ ಚಾಚಿ ತೋಟೆಯ ಬುಡಕ್ಕೆ ಒತ್ತಿಕೊಂಡಿರಬಹುದು. ಆ ಸ್ಥಿತಿಯಲ್ಲಿ ಜಗ್ಗಾಡಿದರೆ ಈಡು ಹಾರಬಹುದು. ಒಳಗೆ ಹಳೆಯ ಕಾಗದದ ತೋಟೆ ಉಬ್ಬಿ ಸಿಕ್ಕಿಕೊಂಡಿದ್ದರೂ ಅಷ್ಟೇ. ಬಾಯಿಯಿಂದ ಕಡ್ಡಿ ತೂರಿ ಹೊಡೆಯುವುದು ಎಂದರೆ ತುಂಬಿದ ಕೋವಿಯ ಬಾಯಿಗೆ ಕೈ ಇಟ್ಟ ಹಾಗೆ. ಇದು ಕೋವಿ ರಿಪೇರಿಯವರ ಕೆಲಸ.

3. ನಳಿಗೆಯೊಳಗೆ ನೋಡುವುದು

ಮುಂದಿನ ಹಿಡಿಮರ ಕಳಚಿ ನಳಿಗೆಗಳನ್ನು ಬೇರೆ ಮಾಡಿ. ಕಡ್ಡಿ ಹಾಕುವ ಮುಂಚೆಯೇ ಬುಡದ ಕಡೆಯಿಂದ ಬೆಳಕಿನತ್ತ ಹಿಡಿದು ನೋಡಿ. ನಮ್ಮ ಊರುಗಳಲ್ಲಿ ಬಹಳ ಸಲ ಸಿಗುವುದು ತುಕ್ಕಲ್ಲ, ಕುಂಬಾರ ಕಣಜದ ಗೂಡು. ಬೇಸಿಗೆಯಲ್ಲಿ ಗೋಡೆಗೆ ಒರಗಿಸಿಟ್ಟ ಕೋವಿಯ ಬಾಯಿ ಅದಕ್ಕೆ ಹೇಳಿಮಾಡಿಸಿದ ಜಾಗ. ಹೆಬ್ಬೆರಳು ಗಾತ್ರದ ಹಸಿಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿರುತ್ತದೆ. ಅದರ ಹಿಂದೆ ಈಡು ಹೊಡೆದರೆ ನಳಿಗೆ ಮಣ್ಣಿನ ಜಾಗದಲ್ಲಿ ಬಳೆಯ ಹಾಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಎಣ್ಣೆ ಬಿಟ್ಟು ನೆನೆಸಿ, ಮರದ ಕಡ್ಡಿಯಿಂದ ಪುಡಿಮಾಡಿ ತೆಗೆಯಿರಿ.

ಶುಚಿ ಮಾಡಿದ ಮೇಲೆ ಮತ್ತೆ ನೋಡಿ. ಕಿಟಕಿಯ ಸರಳಿನ ನೆರಳು ನಳಿಗೆಯ ಒಳಮೈ ಮೇಲೆ ಬೀಳುವ ಹಾಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ನೆರಳಿನ ಗೆರೆ ಬಾಯಿಂದ ಬುಡದವರೆಗೆ ನೆಟ್ಟಗೆ ಹೋಗಬೇಕು. ಒಂದು ಜಾಗದಲ್ಲಿ ಗೆರೆ ಮುರಿದರೆ ಅಲ್ಲಿ ತಗ್ಗು ಬಿದ್ದಿದೆ. ಕಪ್ಪು ಬಳೆಯಂತೆ ಸುತ್ತು ಕಂಡರೆ ನಳಿಗೆ ಉಬ್ಬಿದೆ. ಹೊರಗಿನಿಂದ ಅದೇ ಜಾಗಕ್ಕೆ ಎರಡು ಬೆರಳು ಸವರಿದರೆ ಉಬ್ಬು ತಿಳಿಯುತ್ತದೆ. ಅಲ್ಲಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆ ಇದ್ದರೆ ತುಕ್ಕು ತಿಂದ ಗುಳಿಗಳು. ಬಾಯಿಯ ಹತ್ತಿರ ನಾಲ್ಕೈದು ಚುಕ್ಕೆ ಇದ್ದರೆ ದೊಡ್ಡ ವಿಷಯವಲ್ಲ. ಒತ್ತಡ ಅತಿ ಹೆಚ್ಚಿರುವುದು ಚೇಂಬರಿನಲ್ಲಿ ಮತ್ತು ಅದರ ಮುಂದಿನ ಒಂದು ಗೇಣಿನಲ್ಲಿ. ಅಲ್ಲಿ ಗುಳಿ ಇದ್ದರೆ ನಳಿಗೆಯ ದಪ್ಪ ಅಳೆಯದೆ ಮುಂದೆ ಹೋಗಬೇಡಿ. ದಪ್ಪ ಅಳೆಯಲು ಬೇರೆಯೇ ಗೇಜ್ ಬೇಕು, ಕಣ್ಣಂದಾಜು ಸಾಲದು.

ಕೊನೆಯದಾಗಿ ಗಂಟೆ ಪರೀಕ್ಷೆ. ನಳಿಗೆಗಳನ್ನು ಬುಡದ ಕೊಕ್ಕೆಯಿಂದ ಒಂದು ಬೆರಳಿಗೆ ನೇತುಹಾಕಿ, ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ. ಗುಂಯ್ ಎಂದು ಸ್ವಲ್ಪ ಹೊತ್ತು ನಿಂತರೆ ಎರಡು ನಳಿಗೆಯ ನಡುವಿನ ಬೆಸುಗೆ ಗಟ್ಟಿ. ಒಡೆದ ಮಡಕೆಯ ಹಾಗೆ ಸದ್ದು ಬಂದರೆ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ, ಅದರೊಳಗೆ ನೀರು ಇಳಿದು ಕಾಣದ ಜಾಗದಲ್ಲಿ ತುಕ್ಕು ಹಿಡಿದಿರಲೂಬಹುದು.

4. ಸಡಿಲ, ಕುದುರೆ, ಟ್ರಿಗರ್

ಮುಂದಿನ ಹಿಡಿಮರ ಹಾಕದೆ ಕೋವಿಯನ್ನು ಜೋಡಿಸಿ ಮುಚ್ಚಿ. ಹಿಡಿಮರ ಇದ್ದರೆ ಅದರ ಸ್ಪ್ರಿಂಗಿನ ಬಿಗಿ ಸಡಿಲವನ್ನು ಮರೆಸುತ್ತದೆ. ಹಿಂದಿನ ಮರವನ್ನು ಕಂಕುಳಲ್ಲಿ ಬಿಗಿಹಿಡಿದು ನಳಿಗೆಯನ್ನು ಎಡಕ್ಕೆ ಬಲಕ್ಕೆ ಅಲುಗಿಸಿ. ಟಕ್ ಟಕ್ ಎಂದರೆ ಕೀಲು ಸವೆದಿದೆ. ನಳಿಗೆಯ ಬುಡಕ್ಕೂ ಎದುರಿನ ಉಕ್ಕಿನ ಮುಖಕ್ಕೂ ನಡುವೆ ಬೆಳಕು ಕಂಡರಂತೂ ಮಾತೇ ಬೇಡ. ಆ ಸಂದಿನಲ್ಲಿ ತೋಟೆಯ ಬುಡಕ್ಕೆ ಆಸರೆ ಇಲ್ಲ, ಸಿಡಿದರೆ ಬಿಸಿಗಾಳಿ ನೇರ ನಿಮ್ಮ ಮುಖಕ್ಕೆ. ತೆಳು ತಗಡು ತುರುಕಿ ಬಿಗಿ ಮಾಡಿಕೊಡುವವರು ಇದ್ದಾರೆ. ಅದು ಮಾರಾಟಕ್ಕೆ ಮಾಡುವ ರಿಪೇರಿ, ಹತ್ತು ಈಡಿನಲ್ಲಿ ಮತ್ತೆ ಅದೇ ಸಡಿಲ.

ಡಮ್ಮಿ ತೋಟೆ ಹಾಕಿ, ಕುದುರೆ ಎತ್ತಿ, ಹಿಂದಿನ ಮರದ ಬುಡವನ್ನು ಅಂಗೈಯಿಂದ ನಾಲ್ಕೈದು ಸಲ ಗುದ್ದಿ. ಟ್ರಿಗರ್ ಮುಟ್ಟದೆ ಕುದುರೆ ಬಿದ್ದರೆ ಅದನ್ನು ಎತ್ತಿ ಹಿಡಿಯುವ ಒಳಗಿನ ಹಲ್ಲು ಸವೆದಿದೆ. ಅಂಥ ಕೋವಿ ಕೈಜಾರಿ ಬಿದ್ದರೆ ಸಾಕು. ಒಂದು ಟ್ರಿಗರ್ ಎಳೆದಾಗ ಎರಡೂ ಕುದುರೆ ಬೀಳುತ್ತವೆಯೇ ಎಂದೂ ನೋಡಿ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ಎಳೆದರೆ ಸುಮಾರು 1.5ರಿಂದ 2 ಕೆಜಿ ತೋರಿಸಬೇಕು. ಅದಕ್ಕಿಂತ ಬಹಳ ಹಗುರವಿದ್ದರೆ ‘ಮೆತ್ತಗಿದೆ, ಚೆನ್ನಾಗಿದೆ’ ಎಂದು ಖುಷಿಪಡಬೇಡಿ.

ಸೇಫ್ಟಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹೆಚ್ಚಿನ ಜೋಡುನಳಿಗೆ ಕೋವಿಗಳಲ್ಲಿ ಆ ಗುಂಡಿ ತಡೆಯುವುದು ಟ್ರಿಗರನ್ನು ಮಾತ್ರ, ಕುದುರೆಯನ್ನಲ್ಲ. ಹಲ್ಲು ಸವೆದಿದ್ದರೆ ಸೇಫ್ಟಿ ಹಾಕಿದ್ದಾಗಲೂ ಕುದುರೆ ಬೀಳುತ್ತದೆ. ಹೊರಕುದುರೆ ಕೋವಿಯಲ್ಲಿ ಕುದುರೆಯನ್ನು ಅರ್ಧ ಎತ್ತಿ ಬಿಡುವುದನ್ನೂ ಸೇಫ್ಟಿ ಎಂದು ಎಣಿಸಬಾರದು. ಬೇಲಿ ದಾಟುವಾಗ, ಜೀಪು ಹತ್ತುವಾಗ, ಕೆಸರು ಅಂಚಿನಲ್ಲಿ ನಡೆಯುವಾಗ ನಿಜವಾದ ಸೇಫ್ಟಿ ಎಂದರೆ ಮಡಚಿದ ಕೋವಿ ಮತ್ತು ಜೇಬಿನಲ್ಲಿರುವ ತೋಟೆ.

5. ನಳಿಗೆಯ ಬುಡದ ಮುದ್ರೆ ಓದುವುದು

ನಳಿಗೆ ಕಳಚಿದಾಗ ಬುಡದ ಕೆಳಭಾಗದ ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆ ಕಾಣುತ್ತವೆ. ಅವೇ ಕೋವಿಯ ಜಾತಕ. ಲಂಡನ್, ಬರ್ಮಿಂಗ್‌ಹ್ಯಾಮ್, ಬೆಲ್ಜಿಯಂನ ಲಿಯೇಜ್ ಮುಂತಾದ ಕಡೆ ಮಾರಾಟಕ್ಕೆ ಮುಂಚೆ ಹೆಚ್ಚಿನ ಒತ್ತಡದ ಈಡು ಹೊಡೆದು ನಳಿಗೆಯನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದರು. ಭೂತಗನ್ನಡಿ ಹಿಡಿದು ಮೂರು ವಿಷಯ ಹುಡುಕಿ.

ಒಂದು, ‘ನೈಟ್ರೋ ಪ್ರೂಫ್’ ಎಂಬ ಬರಹ, ಅಥವಾ ಕಿರೀಟದ ಕೆಳಗೆ ಅದರ ಮೊದಲಕ್ಷರಗಳು. ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆ ಎಂಬುದಕ್ಕೆ ಇದು ಗುರುತು. ಇದಿಲ್ಲದ ಹಳೆಯ ಕೋವಿ ಕರಿಮದ್ದಿನ ಕಾಲದ್ದು, ಇಂದಿನ ತೋಟೆ ಅದಕ್ಕಲ್ಲ.

ಎರಡು, ಚೇಂಬರಿನ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಇಂಚಿನಲ್ಲಿ 2½ ಎಂದೋ 2¾ ಎಂದೋ ಇರುತ್ತದೆ. 2½ ಎಂದರೆ ಈಗಿನ ಲೆಕ್ಕದ 65 ಮಿಮೀ ತೋಟೆ, 2¾ ಎಂದರೆ 70 ಮಿಮೀ, 3 ಇಂಚು ಎಂದರೆ 76 ಮಿಮೀ. ಏನೂ ಬರೆದಿಲ್ಲದಿದ್ದರೆ ಗೇಜ್ ಹಾಕಿ ಅಳೆಯಿಸಿ. ಅಳೆಯುವ ತನಕ ಅದನ್ನು 65 ಎಂದೇ ತಿಳಿಯಿರಿ.

ಮೂರು, ‘ನಾಟ್ ಫಾರ್ ಬಾಲ್’ ಎಂಬ ಮೂರು ಪದ. ಈ ನಳಿಗೆಯ ಬಾಯಿ ಕಿರಿದಾಗಿದೆ, ಒಂಟಿ ಗುಂಡು ಹಾಕಬಾರದು ಎಂದರ್ಥ.

ಮುದ್ರೆಯ ಜೊತೆಗೆ ನಳಿಗೆಯ ಮೈಯನ್ನೂ ನೋಡಿ. ಬಣ್ಣ ಹೋದ ಜಾಗದಲ್ಲಿ ಹೆಬ್ಬಾವಿನ ಚರ್ಮದಂತೆ, ಸುರುಳಿ ಸುರುಳಿಯಾಗಿ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕಾಯಿಸಿ ಬೆಸೆದದ್ದು. ನೋಡಲು ಬಲು ಚೆಂದ. ಆದರೆ ನೂರು ವರ್ಷದಲ್ಲಿ ಆ ಬೆಸುಗೆಯ ಸಂದುಗಳಲ್ಲಿ ತುಕ್ಕು ಎಷ್ಟು ಒಳಗೆ ಹೋಗಿದೆ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಪೂಜೆಗೆ ಇಡಿ, ಈಡಿಗೆ ಬೇಡ.

6. ತೋಟೆ ಆರಿಸುವುದು

ಬೋರ್ ಎಂಬ ಲೆಕ್ಕ ತಲೆಕೆಳಗು. ಒಂದು ಪೌಂಡ್ ಸೀಸದಿಂದ ನಳಿಗೆಯ ಒಳ ಅಳತೆಗೆ ಸರಿಹೊಂದುವ ಎಷ್ಟು ಗುಂಡು ಮಾಡಬಹುದೋ ಅಷ್ಟು ಬೋರ್. 12 ಗುಂಡಾದರೆ 12 ಬೋರ್, ಅಗಲ ಸುಮಾರು 18.5 ಮಿಮೀ. 20 ಗುಂಡಾದರೆ ಗುಂಡು ಸಣ್ಣದು, ನಳಿಗೆಯೂ ಸಣ್ಣದು, 15.6 ಮಿಮೀ. ಇದು ಗೊತ್ತಿಲ್ಲದವರು 20 ಬೋರನ್ನು ದೊಡ್ಡದು ಎಂದುಕೊಳ್ಳುತ್ತಾರೆ.

ಇಲ್ಲೇ ಒಂದು ಅಪಘಾತ ಹುಟ್ಟುತ್ತದೆ. ಜೇಬಿನಲ್ಲಿ ಬೆರೆತ 20 ಬೋರಿನ ತೋಟೆಯನ್ನು 12 ಬೋರಿಗೆ ಹಾಕಿದರೆ ಅದು ಚೇಂಬರ್ ದಾಟಿ ಒಳಗೆ ಜಾರಿ, ಬುಡದ ಅಂಚು ಸಿಕ್ಕಿಕೊಂಡು ನಿಲ್ಲುತ್ತದೆ. ಬುಡದಿಂದ ನೋಡಿದರೆ ಚೇಂಬರ್ ಖಾಲಿ. ಟ್ರಿಗರ್ ಎಳೆದರೆ ಬರೀ ಕ್ಲಿಕ್. ‘ತೋಟೆ ಹಾಕಲು ಮರೆತೆ’ ಎಂದುಕೊಂಡು ಹಿಂದೆ ಒಂದು 12 ಬೋರ್ ಹಾಕುತ್ತೀರಿ, ಕೋವಿ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಮುಂದಿನ ಈಡಿಗೆ ನಳಿಗೆ ಒಡೆಯುವುದು ಎಡಗೈ ಹಿಡಿದಿರುವ ಜಾಗದಲ್ಲೇ. 20 ಬೋರ್ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ಮನೆಯಲ್ಲಿ ಎರಡು ಬೋರಿನ ಕೋವಿ ಇದ್ದರೆ ತೋಟೆಗಳಿಗೆ ಬೇರೆ ಡಬ್ಬ, ಬೇರೆ ಬೀಗ.

ಉದ್ದದ ವಿಷಯ ಇನ್ನೂ ಮೋಸದ್ದು. ಡಬ್ಬದ ಮೇಲೆ ಬರೆದ 65 ಅಥವಾ 70 ಮಿಮೀ ಎಂಬುದು ಈಡು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಬಾಯಿ ಮಡಚಿದ ಹೊಸ 70 ಮಿಮೀ ತೋಟೆಯನ್ನು ಕ್ಯಾಲಿಪರ್‌ನಲ್ಲಿ ಹಿಡಿದು ನೋಡಿ, 60 ಮಿಮೀ ಕೂಡ ಇರುವುದಿಲ್ಲ. ಹಾಗಾಗಿ 65ರ ಚೇಂಬರಿನಲ್ಲಿ ಅದು ಆರಾಮವಾಗಿ ಕೂರುತ್ತದೆ. ಕಷ್ಟ ಶುರುವಾಗುವುದು ಸಿಡಿದ ಮೇಲೆ. ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ, ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರಿಗೆ ಆ ಬಾಯಿ ಒತ್ತಿಕೊಳ್ಳುತ್ತದೆ. ಚರೆಯೂ (ತೋಟೆಯೊಳಗಿನ ಸೀಸದ ಕಾಳು) ಅದರ ಹಿಂದಿನ ಬಿರಡೆಯೂ ಆ ಕಿರಿದಾದ ಕೊರಳಲ್ಲಿ ನುಗ್ಗಬೇಕು, ಹಿಂದೆ ಒತ್ತಡ ಏರುತ್ತದೆ. ಮೊದಲ ಈಡಿಗೇ ಒಡೆಯಬೇಕೆಂದಿಲ್ಲ. ಹಿಂದೊದೆತ ಜಾಸ್ತಿ, ಖಾಲಿ ತೋಟೆಯ ಬಾಯಿ ಹರಿದು ಹೊರಬರುತ್ತದೆ, ಕೀಲು ಬೇಗ ಸಡಿಲವಾಗುತ್ತದೆ, ಮರ ಸೀಳುತ್ತದೆ. ಒಂದು ದಿನ ನಳಿಗೆ ಕೈಕೊಡುತ್ತದೆ.

ನಿಯಮ ಸರಳ. 70ರ ಚೇಂಬರಿಗೆ 65 ಹಾಕಬಹುದು, 65ರ ಚೇಂಬರಿಗೆ 70 ಹಾಕಬಾರದು. ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಗಳಲ್ಲಿ 65 ಮತ್ತು 70 ಎರಡೂ ಇವೆ. ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಎಂದರೂ ಡಬ್ಬ ತಿರುಗಿಸಿ ಓದಿ ತೆಗೆದುಕೊಳ್ಳಿ.

ತೂಕವೂ ಅಷ್ಟೇ ಮುಖ್ಯ. ಡಬ್ಬದ ಮೇಲೆ 28 ಗ್ರಾಂ, 32 ಗ್ರಾಂ, 36 ಗ್ರಾಂ ಎಂದಿರುವುದು ಒಳಗಿನ ಚರೆಯ ತೂಕ. ಹಳೆಯ ಹಗುರ ಕೋವಿಗೆ 28ರಿಂದ 30 ಗ್ರಾಂ ಸಾಕು. ಮ್ಯಾಗ್ನಮ್ (ಹೆಚ್ಚು ಜೋರಿನ ತೋಟೆ) ಎಂದು ಬರೆದದ್ದು ಬೇಡವೇ ಬೇಡ. ಬುಡದ ಹಿತ್ತಾಳೆ ಎತ್ತರವಿದ್ದರೆ ತೋಟೆ ಜೋರು ಎಂಬುದು ಹಳೆಯ ನಂಬಿಕೆ, ಈಗ ಅದು ಹೆಚ್ಚಾಗಿ ಅಲಂಕಾರ. ಉಕ್ಕಿನ ಚರೆಯ ವಿದೇಶಿ ತೋಟೆ ಕೈಗೆ ಸಿಕ್ಕರೆ ಹಳೆಯ ಕೋವಿಯಿಂದ ದೂರವಿಡಿ. ಉಕ್ಕು ಸೀಸದಂತೆ ನಜ್ಜಾಗಿ ಜಾಗ ಬಿಡುವುದಿಲ್ಲ, ತೆಳು ನಳಿಗೆಯನ್ನು ಗೀರುತ್ತದೆ, ಬಾಯಿಯನ್ನು ಉಬ್ಬಿಸುತ್ತದೆ.

ಚರೆಯ ನಂಬರ್ ಏರಿದಷ್ಟೂ ಕಾಳು ಸಣ್ಣದು. ನಮ್ಮಲ್ಲಿ ಬ್ರಿಟಿಷ್ ಹೆಸರುಗಳೇ ಉಳಿದಿವೆ. 8 ನಂಬರ್ ಸುಮಾರು 2.2 ಮಿಮೀ, 6 ನಂಬರ್ 2.6, 4 ನಂಬರ್ 3.1, ಬಿಬಿ 4.1, ಎಎಎ 5.2, ಎಸ್‌ಜಿ 8.4, ಎಲ್‌ಜಿ 9.1 ಮಿಮೀ. ಎಸ್‌ಜಿಯಲ್ಲಿ 32 ಗ್ರಾಂಗೆ ಒಂಬತ್ತೇ ಕಾಳು. ಆರಿಸುವಾಗ ಜನ ನೋಡುವುದು ‘ಎಷ್ಟು ದೂರ ಹೊಡೆಯುತ್ತದೆ’ ಎಂದು. ನೀವು ನೋಡಬೇಕಾದದ್ದು ಗುರಿ ತಪ್ಪಿದ ಕಾಳು ಎಷ್ಟು ದೂರ ಹೋಗಿ ಬೀಳುತ್ತದೆ ಎಂದು. 6 ನಂಬರಿನ ಕಾಳು ಸುಮಾರು 200 ಮೀಟರ್ ಹೋಗುತ್ತದೆ. ಎಸ್‌ಜಿ ಕಾಳು 600 ಮೀಟರ್ ದಾಟುತ್ತದೆ. ಕಾಫಿ ತೋಟದಲ್ಲಿ 600 ಮೀಟರ್ ಎಂದರೆ ಪಕ್ಕದ ಎಸ್ಟೇಟಿನ ಲೈನ್ ಮನೆ, ಅದರಾಚೆಯ ರಸ್ತೆ. ಗದ್ದೆ ಕಾಯಲು ಹೆದರಿಸುವ ಸದ್ದಷ್ಟೇ ಬೇಕಿದ್ದರೆ ಎಸ್‌ಜಿಯ ಅವಶ್ಯಕತೆಯೇ ಇಲ್ಲ, ಪಟಾಕಿ ಸಾಕು.

ಚೋಕ್ ಎಂದರೆ ನಳಿಗೆಯ ಬಾಯಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿರುವುದು, ಚರೆ ಬೇಗ ಚದುರದಿರಲಿ ಎಂದು. ಪೂರ್ತಿ ಚೋಕ್ ಎಂದರೆ ಸುಮಾರು 1 ಮಿಮೀ ಕಿರಿದು. ಸಾಮಾನ್ಯವಾಗಿ ಎಡನಳಿಗೆ ಬಿಗಿ, ಬಲನಳಿಗೆ ಸಡಿಲ. ನಳಿಗೆ ತುಂಬುವ ಗಾತ್ರದ ಉಂಡೆ ಗುಂಡನ್ನು ಬಿಗಿ ಚೋಕಿನಲ್ಲಿ ಹೊಡೆದರೆ ಬಾಯಿ ಸೀಳುತ್ತದೆ. ತೋಟೆಯ ಮೈ ಕತ್ತರಿಸಿ, ಮೇಣ ಸುರಿದು, ಚರೆ ಬದಲಿಸಿ ‘ಜೋರು’ ಮಾಡುವ ಕೈಚಳಕಗಳದ್ದೂ ಇದೇ ಫಲ. ಕಾರ್ಖಾನೆ ಮುಚ್ಚಿದ ತೋಟೆಯನ್ನು ಹಾಗೇ ಬಳಸಿ, ಇಲ್ಲವೇ ಬಳಸಬೇಡಿ.

ಹಳೆಯ ತೋಟೆಗಳು: ಹಿತ್ತಾಳೆ ಹಸಿರು ಕಟ್ಟಿದ್ದರೆ, ಮೈ ಉಬ್ಬಿದ್ದರೆ, ಅಲ್ಲಾಡಿಸಿದಾಗ ಗರಗರ ಎಂದರೆ ಪಕ್ಕಕ್ಕಿಡಿ. ಆಗುಂಬೆ ಮಳೆಗೆ ತೇವ ಎಳೆದ ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಬಳಸುವ ಪದ್ಧತಿ ಇನ್ನೂ ಇದೆ. ಹೊಗೆಯಲ್ಲಿ ಮೆಣಸು, ಕೊಬ್ಬರಿ ಒಣಗಲಿ, ತೋಟೆ ಬೇಡ. ಶಾಖಕ್ಕೆ ಮದ್ದು ಕೆಡುತ್ತದೆ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಸರಿಯಾಗಿ ಹತ್ತದೆ ಅರ್ಧ ಈಡು ಹಾರುತ್ತದೆ. ಕೆಟ್ಟ ತೋಟೆಯನ್ನು ಬಾವಿಗೋ ಬೆಂಕಿಗೋ ಎಸೆಯದೆ ಲೆಕ್ಕ ಬರೆಸಿ ಡೀಲರ್‌ಗೆ ಅಥವಾ ಠಾಣೆಗೆ ಒಪ್ಪಿಸಿ.

7. .315 ರೈಫಲ್ ಇರುವವರಿಗೆ

ಚರೆಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೀರುಗಳಿದ್ದು ಒಂದೇ ಗುಂಡನ್ನು ತಿರುಗಿಸಿ ಕಳಿಸುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಗಳ .315 ರೈಫಲ್ಲಿನ ಯಂತ್ರಭಾಗ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದು, ತೋಟೆ ಮಾತ್ರ ಆಸ್ಟ್ರಿಯಾದ 8×50 ಮ್ಯಾನ್‌ಲಿಕರ್ ವಂಶದ್ದು. ಸೈನ್ಯದ .303 ತೋಟೆ ನಾಗರಿಕರಿಗೆ ಸಿಗಬಾರದು ಎಂಬ ಬ್ರಿಟಿಷರ ಕಾಲದ ನೀತಿಯ ಫಲ ಈ ಅಳತೆ. ಹಾಗಾಗಿ ಅಂಕಿ ಹತ್ತಿರವಿದೆ ಎಂದು .303 ಅಥವಾ ಇನ್ಯಾವುದೋ 8 ಮಿಮೀ ತೋಟೆ ಹಾಕಿ ನೋಡುವ ಪ್ರಯೋಗ ಬೇಡ. ತೋಟೆಯ ಬುಡದಲ್ಲಿ .315 ಎಂದೇ ಇರಬೇಕು.

ಎರಡು ರೈಫಲ್ ಇರುವ ಮನೆಯಲ್ಲಿ ಒರೆಸಿ ಜೋಡಿಸುವಾಗ ಬೋಲ್ಟ್ ಅದಲುಬದಲಾಗುವುದುಂಟು. ತೋಟೆಯ ಬುಡವನ್ನು ಒತ್ತಿ ಹಿಡಿಯುವ ಆ ಬೋಲ್ಟನ್ನು ಪ್ರತಿ ರೈಫಲ್ಲಿಗೂ ಬೇರೆಯಾಗಿ ಹೊಂದಿಸಿರುತ್ತಾರೆ. ಬೋಲ್ಟಿನ ಹಿಡಿಯ ಮೇಲಿನ ನಂಬರ್ ಮೈಮೇಲಿನ ನಂಬರಿಗೆ ತಾಳೆಯಾಗಬೇಕು. ಹೊಂದದಿದ್ದರೆ ಸಂದು ಜಾಸ್ತಿಯಾಗಿ ತೋಟೆ ಹಿಂದಕ್ಕೆ ಹಿಗ್ಗುತ್ತದೆ. ಖಾಲಿ ತೋಟೆಯ ಬುಡದಿಂದ ಒಂದು ಬೆರಳಗಲ ಮೇಲೆ ಹೊಳೆಯುವ ಬಳೆ ಕಂಡರೆ ಅದು ಅಲ್ಲಿಯೇ ತುಂಡಾಗಲು ಸಿದ್ಧವಾಗಿದೆ ಎಂದರ್ಥ. ಆ ರೈಫಲ್ ರಿಪೇರಿಯವರ ಬಳಿ ಹೋಗಲಿ. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದ ಜಾಗದಲ್ಲಿ ಅದನ್ನು ಹೊಡೆಯುವ ಮಾತೇ ಇಲ್ಲ.

8. ಮೊದಲ ಈಡು

ತೋಟದಲ್ಲಿ ಅಲ್ಲ, ಅನುಮತಿ ಪಡೆದ ಶೂಟಿಂಗ್ ರೇಂಜಿನಲ್ಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಒಂದು ನಳಿಗೆಗೆ ಒಂದೇ ತೋಟೆ. ಮೊದಲ ಕೆಲವು ಈಡುಗಳನ್ನು ಕೋವಿ ರಿಪೇರಿಯವರು ಕೋವಿಯನ್ನು ಕಟ್ಟಿಟ್ಟು, ದೂರದಿಂದ ಹಗ್ಗ ಎಳೆದು ಹೊಡೆದರೆ ಒಳಿತು. ಪ್ರತಿ ಈಡಿನ ಬಳಿಕ ಖಾಲಿ ತೋಟೆಯನ್ನು ನೋಡಿ: ಬಾಯಿ ಹರಿದಿದೆಯೇ, ಮೈ ಸೀಳಿದೆಯೇ, ಕೇಪಿನ ಮೇಲಿನ ಪೆಟ್ಟು ನಡುವೆ ಬಿದ್ದಿದೆಯೇ?

ಕ್ಲಿಕ್ ಎಂದು ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಎಣಿಸಿ, ಆಮೇಲೆ ಮಡಚಿ. ತಡವಾಗಿ ಹತ್ತುವ ತೋಟೆಗಳುಂಟು. ಢಂ ಎನ್ನುವ ಬದಲು ಫುಸ್ಸೆಂದರೆ ಅದು ಇನ್ನೂ ಕೆಟ್ಟದ್ದು. ಬಿರಡೆಯೋ ಚರೆಯೋ ನಳಿಗೆಯಲ್ಲೇ ನಿಂತಿರಬಹುದು. ತೋಟೆ ತೆಗೆದು, ಬುಡದಿಂದ ಬೆಳಕು ನೋಡದೆ ಮುಂದಿನ ತೋಟೆ ಹಾಕಬೇಡಿ.

ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಗಾಳಿಗೆ ಹೊಡೆಯುವವರಿಗೆ ಒಂದು ಸೂಚನೆ. 2019ರ ತಿದ್ದುಪಡಿಯ ನಂತರ ಇತರರ ಜೀವಕ್ಕೆ ಅಪಾಯವಾಗುವಂಥ ಸಂಭ್ರಮದ ಗುಂಡಿಗೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

9. ಮಳೆಗಾಲ ಮತ್ತು ಬೀಗ

ಮಲೆನಾಡಿನಲ್ಲಿ ಕೋವಿ ಕೊಲ್ಲುವುದು ಈಡಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಒರೆಸಿ, ನಳಿಗೆಯ ಒಳಗೂ ಹೊರಗೂ ತೆಳುವಾಗಿ ಕೋವಿ ಎಣ್ಣೆ ಸವರಿ. ತೆಂಗಿನೆಣ್ಣೆ ಬೇಡ. ಚಳಿಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಕೀಲಿನೊಳಗೆ ಅಂಟಾಗಿ ಮೊಳೆಯ ಪೆಟ್ಟನ್ನೇ ನಿಧಾನ ಮಾಡುತ್ತದೆ. ಎಣ್ಣೆ ಜಾಸ್ತಿಯಾದರೂ ಕಷ್ಟ. ನೆಟ್ಟಗೆ ನಿಲ್ಲಿಸಿದ ಕೋವಿಯಲ್ಲಿ ಅದು ಇಳಿದು ಮರದ ಕುತ್ತಿಗೆಗೆ ಸೇರುತ್ತದೆ, ಮರ ಮೆತ್ತಗಾಗಿ ಹಿಂದೊದೆತಕ್ಕೆ ಸೀಳುತ್ತದೆ. ಎಣ್ಣೆ ಹಚ್ಚಿದ ಮೇಲೆ ಒಂದು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಚರ್ಮದ ಚೀಲದಲ್ಲಿ ಹಾಕಿ ವರ್ಷಗಟ್ಟಲೆ ಇಡಬೇಡಿ, ಚರ್ಮ ನೀರು ಹೀರಿ ಕೋವಿಗೆ ಅಂಟಿಸುತ್ತದೆ. ಈಡಿಗೆ ಮುಂಚೆ ಒಣ ಬಟ್ಟೆ ತೂರಿಸಿ ನಳಿಗೆಯ ಎಣ್ಣೆ ತೆಗೆಯುವುದನ್ನು ಮರೆಯಬೇಡಿ.

ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದರಲ್ಲಿ, ಎರಡರ ಕೀಲಿ ಒಂದೇ ಗೊಂಚಲಿನಲ್ಲಿ ಅಲ್ಲ. ಗೋಡೆಯ ಕೊಂಬಿಗೆ ನೇತುಹಾಕುವ ಶೋಕಿ ಮಕ್ಕಳಿರುವ ಮನೆಗಲ್ಲ.

ಚುನಾವಣೆ ವೇಳೆ ಜಿಲ್ಲಾಡಳಿತದ ಆದೇಶದಂತೆ ಕೋವಿ ಠಾಣೆಗೆ ಒಪ್ಪಿಸಬೇಕಾಗಿ ಬಂದರೆ, ಹಿಂದಿನ ದಿನವೇ ಎಣ್ಣೆ ಹಚ್ಚಿ, ನಂಬರಿನ ಚೀಟಿಯನ್ನು ದಾರದಲ್ಲಿ ಕಟ್ಟಿ ಕೊಡಿ. ರಸೀದಿಯಲ್ಲಿ ನಂಬರಿನ ಜೊತೆಗೆ ಈಗಾಗಲೇ ಇರುವ ಬಿರುಕು, ಗೀರು ಬರೆಸಿಕೊಳ್ಳಿ. ವಾಪಸ್ ಬಂದ ಕೋವಿಯನ್ನು ಹೊಸ ಕೋವಿ ಎಂದೇ ಭಾವಿಸಿ ಎರಡನೇ ಹಂತದಿಂದ ಮತ್ತೆ ನೋಡಿ.

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವ ಮನೆಗಳು ಒಂದು ಸಣ್ಣ ವಿಷಯ ಗಮನಿಸಿ. ಸೆಪ್ಟೆಂಬರ್ ಮೊದಲ ವಾರ, ಗಾಳಿಯಲ್ಲೇ ನೀರು. ನಳಿಗೆಗೆ ಹಚ್ಚಿದ ಗಂಧ ಹಸಿ, ಬಾಯಿಗೆ ಸಿಕ್ಕಿಸಿದ ತೋಕ್ ಪೂವಿನ (ಕೋವಿ ಹೂವಿನ) ತೊಟ್ಟೂ ಹಸಿ. ಎರಡು ದಿನ ಹಾಗೇ ಬಿಟ್ಟರೆ ಬೊಟ್ಟಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ಪೂಜೆಯ ದಿನ ಸಂಜೆಯೇ ಹೂ ತೆಗೆದು, ನಳಿಗೆಯೊಳಗೆ ಎಸಳು ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಒರೆಸಿ, ಎಣ್ಣೆ ಸವರಿ ಬೀಗ ಹಾಕಿ.